ರಾತ್ರಿ ಪಾಳಿಯ ಮೇಸ್ತ್ರಿಗಳ ಸನ್ನಿಧಿಗೆ

ಟಾಂಜಾನಿಯ ದೇಶದ ಗಾರೆ ಕೆಲಸದ ಮೇಸ್ತ್ರಿಗಳಿಗೆ, ಅಂದರೆ ಸ್ವಾಹಿಲಿ ಮಾತನಾಡುವ ಜನ ಫುಂಡಿ ಎಂದು ಮರ್ಯಾದೆಯಿಂದ ಕರೆಯುವ ಕುಶಲಕರ್ಮಿಗಳಿಗೆ, ವಂದನಾಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಮೆರಿಕದ ಪ್ರೌಢಶಾಲಾ ಶಿಕ್ಷಣಕ್ಕೆ ಅವರು ಸಲ್ಲಿಸಿದ ಸೇವೆ ಯಾವ ಶಾಲೆಯ ವಾರ್ಷಿಕ ವರದಿಯಲ್ಲಿಯೂ ಸೇರದೆ, ಯಾವ ಘಟಿಕೋತ್ಸವದ ಭಾಷಣದಲ್ಲಿಯೂ ಸ್ಮರಣೆಗೆ ಬಾರದೆ ಉಳಿದುಹೋಗಿದೆ. ಈ ಲೋಪವನ್ನು ಸರಿಪಡಿಸುವುದು ಈ ಬಹಿರಂಗ ಪತ್ರದ ಮೊದಲ ಉದ್ದೇಶವಾಗಿದ್ದು, ಮುಂದೆ ಬರಲಿರುವ ತಂಡಗಳ ವಿಷಯದಲ್ಲಿ ಮೇಸ್ತ್ರಿಗಳು ಪಾಲಿಸಬೇಕಾದ ಕೆಲವು ಕ್ರಮಗಳನ್ನು ತಿಳಿಸುವುದು ಎರಡನೆಯದು.

ಸೇವೆಯ ಸ್ವರೂಪ ಹೊರಗಿನವರಿಗೆ ತಿಳಿದುಬಂದದ್ದು 2014ರಲ್ಲಿ. ಪಿಪ್ಪಾ ಬಿಡಲ್ ಎಂಬ ಅಮೆರಿಕನ್ ಬರಹಗಾರ್ತಿ ಖಾಸಗಿ ವಸತಿ ಶಾಲೆಯೊಂದರಲ್ಲಿ ಓದುತ್ತಿದ್ದ ಕಾಲದಲ್ಲಿ ಸಹಪಾಠಿಗಳೊಡನೆ ಟಾಂಜಾನಿಯಕ್ಕೆ ಹೋಗಿ, ಅಲ್ಲಿನ ಅನಾಥಾಲಯವೊಂದಕ್ಕೆ ಗ್ರಂಥಾಲಯ ಕಟ್ಟಿಕೊಡಲು ಯತ್ನಿಸಿದ ಪ್ರಸಂಗವನ್ನು ಆ ವರ್ಷ ಪ್ರಬಂಧವಾಗಿ ಪ್ರಕಟಿಸಿದರು. ಹದಿನೈದರಷ್ಟು ಹುಡುಗಿಯರಿದ್ದ ಆ ತಂಡ ತಲೆಗೆ 3000 ಡಾಲರ್ ಕೊಟ್ಟು ಪಡೆದದ್ದು ಅನಾಥಾಲಯದಲ್ಲಿ ಒಂದು ವಾರ, ಮಕ್ಕಳೊಡನೆ ಕೆಲವು ಫುಟ್‌ಬಾಲ್ ಆಟ, ಅರ್ಧ ಕಟ್ಟಿದ ಗ್ರಂಥಾಲಯ ಮತ್ತು ಅದಾದ ಮೇಲೆ ಒಂದು ವಾರದ ಸಫಾರಿ. ವಿದ್ಯಾರ್ಥಿನಿಯರು ಹಗಲೆಲ್ಲ ಸಿಮೆಂಟು ಕಲಸಿ ಇಟ್ಟಿಗೆ ಇಟ್ಟ ಗೋಡೆಯನ್ನು ರಾತ್ರಿ ಅವರು ಮಲಗಿದ ಮೇಲೆ ಊರಿನ ಗಂಡಸರು ಬಿಚ್ಚಿ, ಹೊಸದಾಗಿ ಕಟ್ಟಿ, ಬೆಳಗಾಗುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ನಿಲ್ಲಿಸಿಡುತ್ತಿದ್ದರೆಂಬುದನ್ನು ಆ ಪ್ರಬಂಧ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಮಲಗಿದ್ದವರ ಹೆಸರು ಲೋಕಕ್ಕೆ ಗೊತ್ತಾಗಿ, ಎದ್ದಿದ್ದವರ ಹೆಸರು ಗೊತ್ತಾಗದೆ ಉಳಿದಿರುವುದರಿಂದ ಈ ಪತ್ರ ಅನಿವಾರ್ಯವಾಗಿ ಇಡೀ ಕಸುಬಿನವರನ್ನೇ ಸಂಬೋಧಿಸಬೇಕಾಗಿದೆ.

ಇಟ್ಟಿಗೆಯ ವಿಷಯದಲ್ಲಿ ಮೇಸ್ತ್ರಿಗಳಿಗೇ ಪಾಠ ಹೇಳುವ ಉದ್ಧಟತನ ಇಲ್ಲಿ ಯಾರಿಗೂ ಇಲ್ಲ. ಆದರೆ ಪತ್ರ ಬಹಿರಂಗವಾದದ್ದರಿಂದ, ಕರಣೆ ಹಿಡಿದು ಅಭ್ಯಾಸವಿಲ್ಲದ ಓದುಗರಿಗೆ ರಾತ್ರಿಯ ಕೆಲಸದ ಭಾರ ಎಷ್ಟೆಂಬುದು ತಿಳಿಯಬೇಕಾಗಿದೆ. ಕೆಲಸ ಬಾರದವರು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸದೆ ಒಣಗಿದ್ದಂತೆಯೇ ಇಡುತ್ತಾರೆ; ಒಣ ಇಟ್ಟಿಗೆ ಗಾರೆಯ ನೀರನ್ನು ತಾನೇ ಹೀರಿಕೊಳ್ಳುವುದರಿಂದ ಗಾರೆ ಗಟ್ಟಿಯಾಗುವ ಬದಲು ಪುಡಿಯಾಗಿ, ಉಗುರಿನಿಂದ ಕೆರೆದರೆ ಉದುರುತ್ತದೆ. ಒಂದು ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಇಟ್ಟಿಗೆಯ ನಡುಭಾಗ ಬರಬೇಕೆಂಬುದು ಕಸುಬಿನ ಮೊದಲ ಪಾಠ. ಆ ಪಾಠವಾಗದವರ ಕೈಯಲ್ಲಿ ಸಂದಿನ ಮೇಲೆ ಸಂದು ಕೂತು, ಬುಡದಿಂದ ತುದಿಯವರೆಗೆ ಒಂದೇ ಗೆರೆ ಬಿಟ್ಟಂತಾಗಿ, ಮುಂದೆ ಗೋಡೆ ಎಲ್ಲಿ ಸೀಳಬೇಕೆಂಬುದನ್ನು ಮೊದಲೇ ಗುರುತು ಹಾಕಿಟ್ಟ ಹಾಗಾಗುತ್ತದೆ. ದಾರ ಕಟ್ಟದೆ, ತೂಗುಗುಂಡು ಬಿಡದೆ, ರಸಮಟ್ಟ ಇಡದೆ ನಾಲ್ಕು ವರಸೆ ಏರಿಸಿದ ಗೋಡೆ ಹೊಟ್ಟೆ ಬಿಡುವುದು ಬರಿಗಣ್ಣಿಗೇ ಕಾಣುತ್ತದೆ. ಇದನ್ನೆಲ್ಲ ಕತ್ತಲೆಯಲ್ಲಿ, ಸದ್ದಾಗದಂತೆ ಬಿಚ್ಚಿ, ಅಂಟಿದ ಗಾರೆ ಕೆರೆದು, ಇಟ್ಟಿಗೆ ಒಡೆಯದಂತೆ ಬೇರೆ ಮಾಡಿ, ಮತ್ತೆ ನೆನೆಸಿ ಕಟ್ಟುವುದಕ್ಕೆ ಖಾಲಿ ನೆಲದ ಮೇಲೆ ಹೊಸದಾಗಿ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಸಾಲದ್ದಕ್ಕೆ, ಬೆಳಿಗ್ಗೆ ವಿದ್ಯಾರ್ಥಿನಿಯರು ನೋಡಿದಾಗ ಗೋಡೆ ಅವರು ಬಿಟ್ಟುಹೋದ ಎತ್ತರದಲ್ಲಿಯೇ ಇರಬೇಕು. ಒಂದು ವರಸೆ ಹೆಚ್ಚಾದರೂ ಗುಟ್ಟು ರಟ್ಟಾಗುತ್ತದೆ. ಲೋಕದಲ್ಲಿ ಗೋಡೆ ಕಟ್ಟಿದ ಮೇಸ್ತ್ರಿಗಳು ಅಸಂಖ್ಯರಿದ್ದಾರೆ. ಬೇರೆಯವರು ಕಟ್ಟಿದರೆಂದು ಕಾಣುವ ಹಾಗೆ ಕಟ್ಟಿಕೊಟ್ಟವರು ವಿರಳ.

ಇಷ್ಟೆಲ್ಲ ಶ್ರಮಕ್ಕೆ ಕಾರಣವಾದ ವ್ಯವಸ್ಥೆಗೆ ಸ್ವಯಂಸೇವಾ ಪ್ರವಾಸವೆಂದು ಹೆಸರು. ತನ್ನ ಖರ್ಚಿನಲ್ಲಿ ಪರದೇಶಕ್ಕೆ ಹೋಗಿ, ಅಲ್ಲಿ ಕೆಲವು ದಿನ ಕೂಲಿಯಿಲ್ಲದೆ ದುಡಿದು, ಉಳಿದ ದಿನ ನೋಡುವಂಥದ್ದನ್ನು ನೋಡಿಕೊಂಡು ಮರಳುವುದು ಇದರ ಲಕ್ಷಣ. ದುಡಿಯುವವನೇ ದುಡ್ಡು ಕೊಡುವ ಈ ಏರ್ಪಾಡು ಅರ್ಥಶಾಸ್ತ್ರದ ದೃಷ್ಟಿಯಿಂದ ವಿಚಿತ್ರವಾಗಿ ಕಂಡರೂ, ಸಂತೆಯ ಸಾಮಾನ್ಯ ನಿಯಮವನ್ನು ನೆನೆದರೆ ಗೋಜಲು ಬಗೆಹರಿಯುತ್ತದೆ: ಹಣ ಕೊಟ್ಟವನು ಗಿರಾಕಿ, ಆದ್ದರಿಂದ ಮಾಲು ಅವನಿಗೆ ಸೇರಬೇಕು. ಗ್ರಂಥಾಲಯ ಟಾಂಜಾನಿಯದಲ್ಲಿಯೇ ಉಳಿಯುವುದರಿಂದ ಅದು ಮಾಲಲ್ಲವೆಂಬುದು ಸ್ಪಷ್ಟ. ವಿದ್ಯಾರ್ಥಿನಿ ತನ್ನೊಡನೆ ಕೊಂಡೊಯ್ಯುವ ಅನುಭವ, ಭಾವಚಿತ್ರ, ಬದುಕೇ ಬದಲಾಯಿತೆಂಬ ಭಾವನೆ, ಇವೇ ಮಾಲು. ಗೋಡೆ ಈ ಮಾಲಿನ ತಯಾರಿಕೆಗೆ ಬೇಕಾಗುವ ಕಚ್ಚಾ ಸಾಮಗ್ರಿಯಾಗಿದ್ದು, ಅದು ನೆಟ್ಟಗೆ ನಿಲ್ಲುವುದೂ ವಾಲುವುದೂ ವಹಿವಾಟಿನ ಲೆಕ್ಕಕ್ಕೆ ಬರುವುದಿಲ್ಲ.

ಆ ಹಣವನ್ನು ನೇರವಾಗಿ ಕಳಿಸಿಬಿಟ್ಟಿದ್ದರೆ ಊರಿನ ಮೇಸ್ತ್ರಿಗಳೇ ಹಗಲು ಹೊತ್ತಿನಲ್ಲಿ, ನಿದ್ದೆಗೆಡದೆ, ಒಂದೇ ಸಲಕ್ಕೆ ಗೋಡೆ ಎಬ್ಬಿಸಬಹುದಿತ್ತಲ್ಲ ಎಂಬ ಪ್ರಶ್ನೆ ಮೇಸ್ತ್ರಿಗಳ ಮನಸ್ಸಿನಲ್ಲಿ ಏಳುವುದು ಸಹಜ. ಬಿಡಲ್ ಅವರ ಪ್ರಬಂಧವೂ ಇದೇ ಮಾತನ್ನು ಎತ್ತುತ್ತದೆ. ಹದಿನೈದು ತಲೆಗೆ 45,000 ಡಾಲರ್ ಎಂಬ ಗುಣಾಕಾರ ಪ್ರೌಢಶಾಲೆಯ ಯಾವ ವಿದ್ಯಾರ್ಥಿಗೂ ಕಷ್ಟದ್ದಲ್ಲ. ಆದರೆ ಚೆಕ್ಕಿನ ಬಗ್ಗೆ ಪ್ರಬಂಧ ಬರೆಯಲಾಗುವುದಿಲ್ಲ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಪ್ರವೇಶಕ್ಕಾಗಿ ಒಪ್ಪುವ ಕಾಮನ್ ಅಪ್ಲಿಕೇಶನ್ ಎಂಬ ಏಕರೂಪದ ಅರ್ಜಿಯಲ್ಲಿ ವಿದ್ಯಾರ್ಥಿ ತನ್ನ ವ್ಯಕ್ತಿತ್ವವನ್ನು 650 ಪದಗಳ ಒಳಗೆ ನಿರೂಪಿಸಬೇಕು. ಹದಿನೇಳು ವರ್ಷದ ಮಗುವಿಗೆ ನಿರೂಪಿಸುವಷ್ಟು ವ್ಯಕ್ತಿತ್ವ ಎಲ್ಲಿಂದ ಬರಬೇಕು? ಬಡವರ ಊರಿನಲ್ಲಿ ಒಂದು ವಾರವಿದ್ದು ಬಂದರೆ ಮೊದಲ 300 ಪದ ತಾನಾಗಿಯೇ ಬರುತ್ತದೆ. ಬರಿಗಾಲಿನ ಮಗುವಿನ ನಗುವಿನ ವರ್ಣನೆ ಇನ್ನೊಂದು 200ಕ್ಕೆ ಸಾಕಾಗುತ್ತದೆ. ಸೌಲಭ್ಯವಂತರಿಗೆ ಇಲ್ಲದ ಸಂತೋಷ ಏನೂ ಇಲ್ಲದವರಲ್ಲಿ ಕಂಡಿತೆಂಬ ಆವಿಷ್ಕಾರಕ್ಕೆ ಉಳಿದ 150 ಮೀಸಲು.

ಈ ಅಗತ್ಯ ಅಮೆರಿಕನ್ನರಿಗೆ ಮಾತ್ರ ಸೀಮಿತವೆಂದು ಭಾವಿಸಬಾರದು. ಐಬಿ ಎಂದು ಹೆಸರಾದ ಅಂತಾರಾಷ್ಟ್ರೀಯ ಪಠ್ಯಕ್ರಮದ ಡಿಪ್ಲೊಮಾ ಹಂತದಲ್ಲಿ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಮೂರು ಅಂಗಗಳ ಕಾರ್ಯಕ್ರಮವನ್ನು ಪೂರೈಸದವರಿಗೆ ಡಿಪ್ಲೊಮಾ ಸಿಗುವುದಿಲ್ಲ. ಸೇವೆ ಪರದೇಶದಲ್ಲಿಯೇ ನಡೆಯಬೇಕೆಂದು ಆ ಪಠ್ಯಕ್ರಮ ಎಲ್ಲಿಯೂ ಹೇಳುವುದಿಲ್ಲವಾದರೂ, ಬೆಂಗಳೂರಿನಲ್ಲಿಯೂ ಇರುವ ಇಂತಹ ಶಾಲೆಗಳ ಪೋಷಕರಿಗೆ ಆನೇಕಲ್ಲಿನ ಅಂಗನವಾಡಿಗಿಂತ ಆಗ್ನೇಯ ಏಷ್ಯಾದ ಬಡತನ ಹೆಚ್ಚು ಗುಣಮಟ್ಟದ್ದಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಗೆ ನೋಡಿದರೆ ಕನ್ನಡ ನಾಡಿಗೆ ಶ್ರಮದಾನ ಹೊಸದಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್‌ನ, ಏಳು ದಿನಗಳ ವಿಶೇಷ ಶಿಬಿರಗಳಲ್ಲಿ ಕಾಲೇಜು ಹುಡುಗರು ಹಳ್ಳಿಗೆ ಹೋಗಿ ಚರಂಡಿ ತೆಗೆದು, ರಸ್ತೆಗೆ ಮಣ್ಣು ಹಾಕಿ, ಗುಂಡಿ ತೋಡಿ ಬರುತ್ತಾರೆ. ಆ ಕೆಲಸದ ಗುಣಮಟ್ಟವೂ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅಲ್ಲಿ ಒಂದು ವ್ಯತ್ಯಾಸವಿದೆ: ಹುಡುಗ ಹಾರೆ ಹಿಡಿದ ರೀತಿ ನೋಡಿ ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರು ಎದುರಿಗೇ ನಗುತ್ತಾರೆ, ಒಬ್ಬಿಬ್ಬರು ಎದ್ದು ಬಂದು ಅವನ ಕೈಯಿಂದ ಹಾರೆ ಕಿತ್ತುಕೊಂಡು ಹೇಗೆ ಹಿಡಿಯಬೇಕೆಂದು ತೋರಿಸಿಕೊಡುತ್ತಾರೆ. ಹುಡುಗ ಅವರಿಗೆ ದುಡ್ಡು ಕೊಟ್ಟಿಲ್ಲವಾದ್ದರಿಂದ ನಗಲು ಯಾವ ಅಡ್ಡಿಯೂ ಇಲ್ಲ. ತಲೆಗೆ 3000 ಡಾಲರ್ ಕೊಟ್ಟವರ ಎದುರಿಗೆ ಹೀಗೆ ನಗುವುದು ಸಾಧ್ಯವಿಲ್ಲ. ನಗದಿರುವುದೂ ಆ ದರದಲ್ಲಿ ಸೇರಿದೆ. ಮೇಸ್ತ್ರಿಗಳು ಕೆಲಸವನ್ನು ರಾತ್ರಿಗೆ ಮುಂದೂಡಿದ್ದಕ್ಕೆ ನಿಜವಾದ ಕಾರಣ ಇದೇ ಇರಬೇಕೆಂದು ಊಹಿಸಲು ಅವಕಾಶವಿದೆ: ಕತ್ತಲೆಯಲ್ಲಿ ಕೆಡವುತ್ತ ನಕ್ಕರೆ ಯಾರಿಗೂ ಕಾಣಿಸುವುದಿಲ್ಲ.

ಇಂತಹ ವಹಿವಾಟು ಟಾಂಜಾನಿಯದಲ್ಲಿಯೇ ನೆಲೆ ಕಂಡದ್ದರಲ್ಲಿ ಚರಿತ್ರೆಯ ಸೊಗಸೊಂದಿದೆ. ಆ ದೇಶದ ಮೊದಲ ಅಧ್ಯಕ್ಷರೂ ವೃತ್ತಿಯಿಂದ ಶಾಲಾ ಮಾಸ್ತರರೂ ಆಗಿದ್ದ ಜೂಲಿಯಸ್ ನ್ಯೆರೆರೆ ಅವರ ನಾಯಕತ್ವದಲ್ಲಿ 1967ರಲ್ಲಿ ಹೊರಬಂದ ಅರುಷಾ ಘೋಷಣೆಯ ಜೀವಾಳವೇ ಸ್ವಾವಲಂಬನೆ, ಅಂದರೆ ಪರರ ಹಣವನ್ನು ನೆಚ್ಚಿ ದೇಶ ಕಟ್ಟಲಾಗದು, ತನ್ನ ಜನರ ದುಡಿಮೆಯೇ ಅಭಿವೃದ್ಧಿಯ ಬುಡ ಎಂಬ ನಿಲುವು. ಇಂದು ಅದೇ ಅರುಷಾ ಪಟ್ಟಣ ಸೆರೆಂಗೆಟಿ ಮತ್ತು ಗೊರೊಂಗೊರೊಗಳತ್ತ ಹೊರಡುವ ಸಫಾರಿ ಜೀಪುಗಳ ತಂಗುದಾಣ; ಸ್ವಯಂಸೇವಕರ ತಂಡಗಳೂ ಅಲ್ಲಿಯೇ ಇಳಿಯುತ್ತವೆ. ಅತಿಥಿಯನ್ನು ಎರಡು ದಿನ ಅತಿಥಿಯಾಗಿ ನೋಡಿ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು ಎಂಬರ್ಥದ ಸ್ವಾಹಿಲಿ ಗಾದೆಯೊಂದನ್ನು ನ್ಯೆರೆರೆ ಉಲ್ಲೇಖಿಸಿದ್ದರು. ಗುದ್ದಲಿ ಹಿಡಿಯುವುದಕ್ಕಾಗಿಯೇ ಅತಿಥಿ ಶುಲ್ಕ ಕಟ್ಟಿ ಬರುವ ದಿನ ಒದಗೀತೆಂದು ಗಾದೆ ಕಟ್ಟಿದವರಿಗೆ ಹೊಳೆದಿರಲಾರದು.

ಈ ವ್ಯವಸ್ಥೆಗೆ ಪೂರ್ವಪಕ್ಷವೇ ಇರಲಿಲ್ಲವೆಂದು ಹೇಳುವಂತಿಲ್ಲ. ಶಿಕ್ಷಣ ಚಿಂತಕ ಇವಾನ್ ಇಲಿಚ್ 1968ರಲ್ಲಿಯೇ, ಬೇಸಿಗೆ ರಜೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಸಮ್ಮೇಳನಕ್ಕೆ ಆಹ್ವಾನಿತರಾಗಿ ಬಂದು, ಅವರ ಸದುದ್ದೇಶವನ್ನೇ ಜರೆದು, ನೋಡಲು ಕಲಿಯಲು ಬೇಕಾದರೆ ಬರಬಹುದು, ಉದ್ಧರಿಸಲು ಬರುವ ಅಗತ್ಯವಿಲ್ಲವೆಂಬ ಧಾಟಿಯಲ್ಲಿ ಮುಖಕ್ಕೆ ಹೊಡೆದಂತೆ ಮಾತನಾಡಿದರು. ವ್ಯವಸ್ಥೆ ಎಷ್ಟು ಗಟ್ಟಿಮುಟ್ಟಾಗಿದೆಯೆಂಬುದಕ್ಕೆ ಆ ಭಾಷಣಕ್ಕೆ ಮುಂದೆ ಒದಗಿದ ಗತಿಯೇ ನಿದರ್ಶನ: ಇಂದು ಅನೇಕ ಕಾರ್ಯಕ್ರಮಗಳಲ್ಲಿ ಅದು ಪ್ರವಾಸ ಹೊರಡುವ ಮುನ್ನ ವಿದ್ಯಾರ್ಥಿಗಳಿಗೆ ಓದಲು ಕೊಡುವ ಪಠ್ಯವಾಗಿದೆ. ಹೋಗಬೇಡಿ ಎಂಬುದನ್ನು ಓದಿ, ಚರ್ಚಿಸಿ, ಆತ್ಮಾವಲೋಕನ ಮಾಡಿಕೊಂಡು, ಬಳಿಕ ವಿಮಾನ ಹತ್ತಲಾಗುತ್ತದೆ. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಸರ್ಕಾರವೇ 1961ರಿಂದ ನಡೆಸುತ್ತ ಬಂದಿರುವ ಪೀಸ್ ಕೋರ್ ತನ್ನ ಸ್ವಯಂಸೇವಕರಿಗೆ ಭಾಷೆಯೂ ಸೇರಿದಂತೆ ಮೂರು ತಿಂಗಳ ತರಬೇತಿ ಕೊಟ್ಟು ಎರಡು ವರ್ಷ ಒಂದೇ ಊರಿನಲ್ಲಿ ಇರಿಸುತ್ತದೆ. ಅದರ ಮೇಲೂ ಟೀಕೆಗಳಿಗೆ ಕೊರತೆಯಿಲ್ಲ. ಆದರೆ ಎರಡು ವರ್ಷವನ್ನು ಎರಡು ವಾರಕ್ಕೆ, ಮೂರು ತಿಂಗಳ ತರಬೇತಿಯನ್ನು ಮೂರು ಸ್ವಾಹಿಲಿ ಪದಗಳಿಗೆ ಇಳಿಸಿದ ಕೀರ್ತಿ ಮಾತ್ರ ಶಾಲಾ ಪ್ರವಾಸಗಳಿಗೇ ಸಲ್ಲಬೇಕು.

ಇಲ್ಲಿಯವರೆಗಿನದು ಗೋಡೆಯ ಮಾತು. ಗೋಡೆ ಸೊಟ್ಟಗಾದರೆ ರಾತ್ರಿ ಬಿಚ್ಚಬಹುದು. ಆದರೆ ತಂಡಗಳು ಹಗಲೆಲ್ಲ ಇಟ್ಟಿಗೆಯನ್ನೇ ಮುಟ್ಟಿಕೊಂಡಿರುವುದಿಲ್ಲ, ಮಕ್ಕಳನ್ನೂ ಎತ್ತಿಕೊಳ್ಳುತ್ತವೆ.

ಮಗು ತನ್ನನ್ನು ನಿತ್ಯ ನೋಡಿಕೊಳ್ಳುವ ಒಬ್ಬಿಬ್ಬರೊಡನೆ ಬೆಳೆಸಿಕೊಳ್ಳುವ ಬಂಧವನ್ನು, ಆ ಬಂಧದ ಆಧಾರದಿಂದಲೇ ಲೋಕವನ್ನು ನಂಬಲು ಕಲಿಯುವ ಕ್ರಮವನ್ನು, ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಕಳೆದ ಶತಮಾನದ ಮಧ್ಯಭಾಗದಿಂದ ಸಿದ್ಧಾಂತವಾಗಿ ಬೆಳೆಸಿದರು. ಲಿಂಡಾ ರಿಕ್ಟರ್ ಮತ್ತು ಆಮಿ ನಾರ್ಮನ್ ಎಂಬ ಸಂಶೋಧಕಿಯರು 2010ರಲ್ಲಿ ಪ್ರಕಟಿಸಿದ ಲೇಖನ ಅನಾಥಾಲಯಗಳಿಗೆ ಅಲ್ಪಾವಧಿಗೆ ಬಂದುಹೋಗುವ ಸ್ವಯಂಸೇವಕರ ಪ್ರವಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಕಟ್ಟಿದ ಬಂಧ ಕೆಲವೇ ದಿನಗಳಲ್ಲಿ ಮುರಿಯುವುದು ಮತ್ತೆ ಮತ್ತೆ ನಡೆದರೆ ಮಗುವಿಗೆ ಆಗುವ ಹಾನಿಯನ್ನು ವಿವರಿಸಿತು. ಇಂತಹ ಸಂಸ್ಥೆಗಳಲ್ಲಿ ಬೆಳೆದ ಪುಟ್ಟ ಮಕ್ಕಳು ಬಾಗಿಲಿಗೆ ಬಂದ ಅಪರಿಚಿತರತ್ತ ಓಡಿ ಹೋಗಿ, ಹೆಸರು ಕೇಳುವ ಮೊದಲೇ ಕಾಲು ತಬ್ಬಿ, ಎತ್ತಿಕೊಳ್ಳೆಂದು ಕೈ ಚಾಚುವುದುಂಟು. ಅತಿಥಿಗಳು ಇದನ್ನು ಪ್ರೀತಿಯೆಂದು ತಿಳಿದು ಕಣ್ಣು ಒರೆಸಿಕೊಳ್ಳುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆಂಬುದು ಅವರಿಗೂ ಗೊತ್ತಿರುವ ಸಂಗತಿಯೇ. ತಮ್ಮ ಮನೆಯ ಮಗು ದಾರಿಹೋಕರನ್ನೆಲ್ಲ ಹೀಗೆ ತಬ್ಬಿಕೊಳ್ಳತೊಡಗಿದ್ದರೆ ಅವರು ಅದೇ ದಿನ ವೈದ್ಯರ ಬಳಿ ಓಡುತ್ತಿದ್ದರು.

ಎಲ್ಲ ವ್ಯಾಪಾರದಂತೆ ಇಲ್ಲಿಯೂ ಬೇಡಿಕೆ ಹೆಚ್ಚಿದಾಗ ಪೂರೈಕೆ ಹೆಚ್ಚುತ್ತದೆ. ಕಾಂಬೋಡಿಯಕ್ಕೆ ಬರುವ ವಿದೇಶಿ ಪ್ರವಾಸಿಗರ ಸಂಖ್ಯೆ 2005ರಿಂದ 2010ರ ನಡುವೆ ಸುಮಾರು 14 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಅದೇ ಐದು ವರ್ಷಗಳಲ್ಲಿ ಅಲ್ಲಿನ ಅನಾಥಾಲಯಗಳ ಸಂಖ್ಯೆ ಶೇ. 75ರಷ್ಟು ಹೆಚ್ಚಿತು. ಆ ದೇಶದಲ್ಲಿ ಆಗ ಯುದ್ಧವಾಗಲಿ ಕ್ಷಾಮವಾಗಲಿ ಇರಲಿಲ್ಲ. ಅನಾಥಾಲಯಗಳಲ್ಲಿದ್ದ ನಾಲ್ವರು ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೇಪಾಳದಲ್ಲಿ ಈ ಪ್ರಮಾಣ ಶೇ. 85 ಎಂದು ಯುನಿಸೆಫ್ ಹೇಳಿದೆ. ಅಂದು 75 ಜಿಲ್ಲೆಗಳಿದ್ದ ಆ ದೇಶದ ಅನಾಥಾಲಯಗಳಲ್ಲಿ ಬಹುಪಾಲು ಕಾಠ್ಮಂಡು, ಪೋಖರಾ, ಚಿತ್ವನ್‌ನಂತಹ ಪ್ರವಾಸಿ ತಾಣಗಳಿರುವ ಐದು ಜಿಲ್ಲೆಗಳಲ್ಲಿಯೇ ನೆರೆದಿದ್ದವು; ತಂದೆತಾಯಿ ಸಾಯುವುದು ಗುಡ್ಡಗಾಡಿನಲ್ಲಾದರೂ ಮಕ್ಕಳು ಅನಾಥರಾಗುವುದು ಹೋಟೆಲುಗಳ ಹತ್ತಿರವೇ ಎಂಬಂತೆ. ಅಲ್ಲಿನ ಅಂತರ್ಯುದ್ಧದ ವರ್ಷಗಳಲ್ಲಿ ಹುಮ್ಲಾದಂತಹ ದೂರದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋಗಿ, ಪೇಟೆಯಲ್ಲಿ ಒಳ್ಳೆಯ ಶಾಲೆಗೆ ಸೇರಿಸುವುದಾಗಿ ನಂಬಿಸಿ, ತಂದೆತಾಯಿಯಿಂದಲೇ ಹಣ ಪಡೆದು ಮಕ್ಕಳನ್ನು ಕರೆತಂದರು; ಬದುಕಿದ್ದವರನ್ನು ಸತ್ತರೆಂದು ತೋರಿಸುವ ದಾಖಲೆ ಸೃಷ್ಟಿಸಿದರು. ಹೀಗೆ ಕಾಗದದ ಮೇಲೆ ಮಾತ್ರ ಅನಾಥರಾದವರಿಗೆ ಕಾಗದದ ಅನಾಥರೆಂದೇ ಹೆಸರು ಬಿದ್ದಿದೆ. ಮಕ್ಕಳು ತೆಳ್ಳಗಿದ್ದಷ್ಟೂ ದಾನ ದಪ್ಪಗಾಗುವ ಈ ಲೆಕ್ಕಾಚಾರದಲ್ಲಿ ಹೊಟ್ಟೆ ತುಂಬ ಉಣ್ಣಿಸುವ ಅನಾಥಾಲಯಕ್ಕೆ ನಷ್ಟವೇ ಗಟ್ಟಿ.

ಮೇಸ್ತ್ರಿಗಳಿಗೆ ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ವಿದ್ಯಾರ್ಥಿನಿ ಹಗಲಲ್ಲಿ ಇಟ್ಟ ಇಟ್ಟಿಗೆಯನ್ನು ರಾತ್ರಿ ತೆಗೆದು ಸರಿಯಾಗಿ ಇಡುವ ಜನ ಇದ್ದಾರೆ. ವಾರವಿಡೀ ಎತ್ತಿ ಮುದ್ದಾಡಿಸಿಕೊಂಡು, ಶನಿವಾರ ಸಫಾರಿ ಜೀಪಿನ ಹಿಂದೆ ಗೇಟಿನವರೆಗೆ ಓಡಿ ನಿಂತ ಮಗುವಿಗೆ ಅಂತಹ ರಾತ್ರಿ ಪಾಳಿ ಇಲ್ಲ. ಮುಂದಿನ ಸೋಮವಾರ ಹೊಸ ತಂಡ ಬರುತ್ತದೆ, ಮಗು ಮತ್ತೆ ಓಡಿ ಬರುತ್ತದೆ; ಒಣ ಇಟ್ಟಿಗೆಯ ಮೇಲೆ ಒಣ ಇಟ್ಟಿಗೆ.

ಲೋಕ ಕಣ್ಣು ಮುಚ್ಚಿ ಕೂತಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 2011ರಲ್ಲಿ ಕಾಂಬೋಡಿಯದಲ್ಲಿ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಯುನಿಸೆಫ್ ಬೆಂಬಲದಿಂದ, ಗಾಜಿನ ಪೆಟ್ಟಿಗೆಯೊಳಗೆ ಮಕ್ಕಳು ನಿಂತಿರುವಂತೆಯೂ ಹೊರಗೆ ಪ್ರವಾಸಿಗರು ಕ್ಯಾಮರಾ ಹಿಡಿದಿರುವಂತೆಯೂ ಭಿತ್ತಿಚಿತ್ರ ಮಾಡಿಸಿ, ಮಕ್ಕಳು ನೋಡುವ ತಾಣಗಳಲ್ಲವೆಂಬ ಆಂದೋಲನ ನಡೆಸಿತು. ಆಧುನಿಕ ಗುಲಾಮಗಿರಿಯ ವಿರುದ್ಧ 2018ರಲ್ಲಿ ಕಾನೂನು ತಂದ ಆಸ್ಟ್ರೇಲಿಯಾ, ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯ ಪ್ರವಾಸದ ಕೇಡನ್ನು ಹೆಸರಿಸಿ ಎಚ್ಚರಿಸಿತು. ಇದರಿಂದ ಮುಜುಗರಗೊಂಡ ಕೆಲವು ಪ್ರವಾಸ ಸಂಸ್ಥೆಗಳು ಅನಾಥಾಲಯಗಳನ್ನು ತಮ್ಮ ಪಟ್ಟಿಯಿಂದ ಕೈಬಿಟ್ಟಿವೆ. ಮಕ್ಕಳ ಕಡೆ ಬಾಗಿಲು ಮುಚ್ಚಿದಷ್ಟೂ ಗೋಡೆಗಳ ಕಡೆ ನೂಕುನುಗ್ಗಲು ಹೆಚ್ಚುವುದರಿಂದ, ಮೇಸ್ತ್ರಿಗಳ ಕೆಲಸಕ್ಕೆ ಸದ್ಯಕ್ಕೆ ಬರವಿಲ್ಲ.

ಆದ್ದರಿಂದ ಈಗ ಕಾರ್ಯಸೂಚನೆಗಳು. ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬೀಳುವುದು ಜೂನ್ ಹೊತ್ತಿಗೆ. ಉತ್ತರ ಟಾಂಜಾನಿಯದಲ್ಲಿ ದೀರ್ಘ ಮಳೆ ನಿಂತು ಸಫಾರಿಗೆ ಹದವಾಗುವುದೂ ಆಗಲೇ. ತಂಡ ಬರುವ ವೇಳೆಗೆ ಇಟ್ಟಿಗೆಯನ್ನು ರಾಶಿ ಹಾಕಿಸಿ, ತೂಗುಗುಂಡು ಮತ್ತು ರಸಮಟ್ಟಗಳನ್ನು ವಿದ್ಯಾರ್ಥಿಗಳ ಕಣ್ಣಿಗೆ ಬೀಳದ ಕಡೆ ಎತ್ತಿಡಬೇಕು; ಕಂಡರೆ ಅವು ಯಾವುದಕ್ಕೆಂದು ಕೇಳುತ್ತಾರೆ, ಹೇಳಿದರೆ ಗೋಡೆಗೆ ಇಟ್ಟು ನೋಡುತ್ತಾರೆ. ಪ್ರವಾಸದ ಕರಪತ್ರದಲ್ಲಿ ವಿಮಾನ, ವಸತಿ, ಊಟ, ವಿಮೆ, ಸಫಾರಿ ಎಂಬ ಕಲಮುಗಳಿರುವಂತೆ ಕೆಡವಿ ಕಟ್ಟುವ ಖರ್ಚೆಂಬ ಕಲಮು ಇರುವುದಿಲ್ಲವಾದ್ದರಿಂದ, ರಾತ್ರಿ ಕೂಲಿಯ ಬಾಬ್ತನ್ನು ಮೇಸ್ತ್ರಿಗಳು ತಮ್ಮ ಕಡೆಯ ಸ್ವಯಂಸೇವೆಯೆಂದು ಬರೆದುಕೊಳ್ಳತಕ್ಕದ್ದು; ಅವರಿಗೂ ಮುಂದೆಂದಾದರೂ 650 ಪದ ಬರೆಯುವ ಸಂದರ್ಭ ಬಂದರೆ ಉಪಯೋಗಕ್ಕೆ ಬಂದೀತು. ಗೋಡೆ ಎದೆಯೆತ್ತರ ದಾಟಿದರೆ ತಂಡದ ಮಕ್ಕಳು ಏಣಿ ಹತ್ತಬೇಕಾಗುವುದರಿಂದ ಅದಕ್ಕಿಂತ ಮೇಲೆ ಕಟ್ಟಬಾರದು. ಜುಲೈ ತಿಂಗಳಿಗೆ ಇನ್ನೊಂದು ಶಾಲೆಯ ತಂಡವಿರುವುದರಿಂದ ಜೂನ್ ತಂಡ ಹೋದ ಮೇಲೆ ಮೂರು ವರಸೆ ಇಳಿಸಿಡುವುದು ಕ್ಷೇಮ. ಛಾವಣಿಯನ್ನಂತೂ ಯಾವ ಕಾರಣಕ್ಕೂ ಹಾಕಕೂಡದು. ಈ ನಡುವೆ ಯಾರಾದರೂ ಪುಣ್ಯಾತ್ಮರು ಗ್ರಂಥಾಲಯಕ್ಕೆಂದು ಪುಸ್ತಕಗಳನ್ನು ಕಳಿಸಿಬಿಟ್ಟರೆ, ಅವು ಮಳೆಗೆ ನೆನೆಯದಂತೆ ಸದ್ಯಕ್ಕೆ ಸಿಮೆಂಟಿನ ಉಗ್ರಾಣದಲ್ಲಿ ಇಡತಕ್ಕದ್ದು.

ಇತಿ ವಿಜ್ಞಾಪನೆ.